ಬಾನಿನಲ್ಲಿ ಪಾಠ ಮಾಡಹೊರಟ ಶಿಕ್ಷಕಿ: ಕ್ರಿಸ್ಟಾ ಮೆಕಾಲಿಫ್

ಬಾಹ್ಯಾಕಾಶ ಯಾನದಲ್ಲಿ ಪ್ರಾಣ ತೆತ್ತವರು ಎಂದಾಗ ನಮ್ಮಲ್ಲಿ ಹೆಚ್ಚಿನವರಿಗೆ ಮೊದಲು ನೆನಪಾಗುವುದು ಕಲ್ಪನಾ ಚಾವ್ಲಾ. 2003ರ ಫೆಬ್ರವರಿ 1ರಂದು ಕೊಲಂಬಿಯಾ ನೌಕೆ ಭೂಮಿಗೆ ಮರಳುವ ಹಾದಿಯಲ್ಲಿ ಛಿದ್ರವಾದಾಗ ಭಾರತವೇ ಕಣ್ಣೀರು ಹಾಕಿತು. ಅದಕ್ಕೂ 17 ವರ್ಷ ಮೊದಲು, 1986ರ ಜನವರಿ 28ರಂದು, ಅಮೆರಿಕದ ಇನ್ನೊಂದು ನೌಕೆ ಚಾಲೆಂಜರ್ ನೆಲ ಬಿಟ್ಟ 73 ಸೆಕೆಂಡುಗಳಲ್ಲೇ ಆಗಸದಲ್ಲಿ ನಾಶವಾಗಿತ್ತು. ಅದರಲ್ಲಿದ್ದ ಏಳು ಮಂದಿಯಲ್ಲಿ ಒಬ್ಬರು ವಿಜ್ಞಾನಿಯಾಗಿರಲಿಲ್ಲ, ಪೈಲಟ್ ಆಗಿರಲಿಲ್ಲ, ಎಂಜಿನಿಯರ್ ಕೂಡ ಆಗಿರಲಿಲ್ಲ. ಅವರು ಸಣ್ಣ ಪಟ್ಟಣವೊಂದರ ಪ್ರೌಢಶಾಲೆಯಲ್ಲಿ ಸಮಾಜ ಪಾಠ ಹೇಳುತ್ತಿದ್ದ ಶಿಕ್ಷಕಿ, ಎರಡು ಮಕ್ಕಳ ತಾಯಿ, ತಮ್ಮ ಚರ್ಚಿನಲ್ಲಿ ಮಕ್ಕಳಿಗೆ ಧರ್ಮೋಪದೇಶ ಕಲಿಸುತ್ತಿದ್ದ ಕಥೋಲಿಕ ಗೃಹಿಣಿ. ಅವರೇ ಕ್ರಿಸ್ಟಾ ಮೆಕಾಲಿಫ್.

ಶಿಕ್ಷಕ ವೃತ್ತಿಯನ್ನು ದೇವರ ಕರೆಯೆಂದು ನಂಬಿ ದುಡಿಯುವ ಅನೇಕರು ನಮ್ಮ ಧರ್ಮಕೇಂದ್ರಗಳಲ್ಲಿದ್ದಾರೆ. ವಾರವಿಡೀ ಶಾಲೆಯಲ್ಲಿ ದುಡಿದು, ಭಾನುವಾರ ದೊತೊರ್ನ್ ತರಗತಿಗೂ ಬಂದು ನಿಲ್ಲುವವರಿದ್ದಾರೆ. ಅಂಥವರಿಗೆ ಈ ಶಿಕ್ಷಕಿಯ ಬದುಕು ಹತ್ತಿರದ್ದೆನಿಸುತ್ತದೆ. ಅವರು ಎಷ್ಟು ಎತ್ತರಕ್ಕೆ ಹೋಗಬಯಸಿದರು ಎಂಬುದಕ್ಕಿಂತಲೂ, ಅಷ್ಟು ಎತ್ತರಕ್ಕೆ ಹೊರಟಾಗಲೂ ಶಿಕ್ಷಕಿಯಾಗಿಯೇ ಉಳಿದರು ಎಂಬುದೇ ಅವರ ಜೀವನದ ಹಿರಿಮೆ.

ಬಾಲ್ಯ ಮತ್ತು ಕುಟುಂಬ

ಶಾರನ್ ಕ್ರಿಸ್ಟಾ ಕೊರಿಗನ್ ಹುಟ್ಟಿದ್ದು 1948ರ ಸೆಪ್ಟೆಂಬರ್ 2ರಂದು, ಅಮೆರಿಕದ ಬಾಸ್ಟನ್ ನಗರದಲ್ಲಿ. ತಂದೆ ಎಡ್ವರ್ಡ್ ಕೊರಿಗನ್ ಐರಿಷ್ ಮೂಲದವರು. ತಾಯಿ ಗ್ರೇಸ್ ಅವರ ತಂದೆಯ ಮನೆತನ ಲೆಬನಾನಿನ ಮರೋನೈಟ್ ಕ್ರೈಸ್ತರದ್ದು. ಹೀಗೆ ಪಶ್ಚಿಮದ ಮತ್ತು ಪೂರ್ವದ ಎರಡು ಕಥೋಲಿಕ ಪರಂಪರೆಗಳು ಆ ಮನೆಯಲ್ಲಿ ಕೂಡಿದ್ದವು. ಐವರು ಮಕ್ಕಳಲ್ಲಿ ಕ್ರಿಸ್ಟಾ ಹಿರಿಯರು. ಅವರು ಚಿಕ್ಕವರಿರುವಾಗಲೇ ಕುಟುಂಬ ಮ್ಯಾಸಚೂಸೆಟ್ಸ್ ರಾಜ್ಯದ ಫ್ರಾಮಿಂಗ್‌ಹ್ಯಾಮ್ ಪಟ್ಟಣಕ್ಕೆ ಬಂದು ನೆಲೆಸಿತು. ತಂದೆ ಅಂಗಡಿ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದರು. ತಾಯಿ ಶಾಲೆಗಳಲ್ಲಿ ಬದಲಿ ಶಿಕ್ಷಕಿಯಾಗಿ ದುಡಿದವರು.

ಕ್ರಿಸ್ಟಾ ಓದಿದ್ದು ಫ್ರಾಮಿಂಗ್‌ಹ್ಯಾಮಿನ ಮೇರಿಯನ್ ಹೈಸ್ಕೂಲ್ ಎಂಬ ಕಥೋಲಿಕ ಶಾಲೆಯಲ್ಲಿ. 1966ರಲ್ಲಿ ಅಲ್ಲಿ ಓದು ಮುಗಿಸಿದರು. ಮುಂದೆ ಬಾಳಸಂಗಾತಿಯಾದ ಸ್ಟೀವನ್ ಮೆಕಾಲಿಫ್ ಅವರ ಪರಿಚಯವಾದದ್ದು ಕೂಡ ಶಾಲಾ ದಿನಗಳಲ್ಲೇ.

ಅದು ಬಾಹ್ಯಾಕಾಶ ಯುಗ ಕಣ್ಣುಬಿಡುತ್ತಿದ್ದ ಕಾಲ. 1962ರ ಫೆಬ್ರವರಿಯಲ್ಲಿ ಜಾನ್ ಗ್ಲೆನ್ ಅವರು ಭೂಮಿಯನ್ನು ಸುತ್ತಿಬಂದ ಮೊದಲ ಅಮೆರಿಕನ್ನರಾದಾಗ ಕ್ರಿಸ್ಟಾಗೆ 13 ವರ್ಷ. ಮುಂದೊಂದು ದಿನ ಜನರು ಬಸ್ಸು ಹತ್ತಿದಷ್ಟು ಸಲೀಸಾಗಿ ಚಂದ್ರನಲ್ಲಿಗೆ ಹೋಗಿಬರಬಹುದು, ಆಗ ತಾನೂ ಹೋಗಬೇಕು ಎಂದು ಆ ಹುಡುಗಿ ಗೆಳತಿಯೊಡನೆ ಹೇಳಿಕೊಂಡಿದ್ದಳು. ಆದರೆ ಆಗ ಅಮೆರಿಕದಲ್ಲಿ ಗಗನಯಾತ್ರಿಗಳೆಂದರೆ ಯುದ್ಧವಿಮಾನ ಹಾರಿಸಿದ ಗಂಡಸರು ಮಾತ್ರ. ಆ ಆಸೆ ಮನಸ್ಸಿನ ಮೂಲೆಯಲ್ಲೇ ಉಳಿಯಿತು.

1970ರಲ್ಲಿ ಅವರು ಫ್ರಾಮಿಂಗ್‌ಹ್ಯಾಮ್ ಸ್ಟೇಟ್ ಕಾಲೇಜಿನಿಂದ ಇತಿಹಾಸ ಮತ್ತು ಶಿಕ್ಷಣ ವಿಷಯಗಳಲ್ಲಿ ಪದವಿ ಪಡೆದರು. ಅದೇ ವರ್ಷ ಸ್ಟೀವನ್ ಅವರೊಂದಿಗೆ ವಿವಾಹವಾಯಿತು. ಪತಿ ಕಾನೂನು ಓದಲು ವಾಷಿಂಗ್ಟನ್‌ನ ಜಾರ್ಜ್‌ಟೌನ್ ವಿಶ್ವವಿದ್ಯಾಲಯ ಸೇರಿದ್ದರಿಂದ ದಂಪತಿ ಆ ಕಡೆಗೆ ಹೋದರು.

ಶಿಕ್ಷಕಿಯ ಬದುಕು

ನೆರೆಯ ಮೇರಿಲ್ಯಾಂಡ್ ರಾಜ್ಯದ ಶಾಲೆಗಳಲ್ಲಿ ಕ್ರಿಸ್ಟಾ ಇತಿಹಾಸ ಮತ್ತು ಪೌರನೀತಿ ಕಲಿಸತೊಡಗಿದರು. ಕೆಲಸ ಮಾಡುತ್ತಲೇ ಓದಿ, 1978ರಲ್ಲಿ ಬೋವಿ ಸ್ಟೇಟ್‌ನಿಂದ ಶಿಕ್ಷಣ ಆಡಳಿತದಲ್ಲಿ ಸ್ನಾತಕೋತ್ತರ ಪದವಿ ಪಡೆದರು. 1976ರಲ್ಲಿ ಮಗ ಸ್ಕಾಟ್, 1979ರಲ್ಲಿ ಮಗಳು ಕೆರೊಲಿನ್ ಹುಟ್ಟಿದರು. ಈ ನಡುವೆ ಕುಟುಂಬ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ರಾಜಧಾನಿ ಕಾಂಕಾರ್ಡ್‌ಗೆ ಬಂದು ನೆಲೆಸಿತು. ರಾಜಧಾನಿಯೆಂದರೂ ಅದು ದೊಡ್ಡ ನಗರವಲ್ಲ, ಒಬ್ಬರನ್ನೊಬ್ಬರು ಬಲ್ಲ ಊರು.

ಸುತ್ತಮುತ್ತಲಿನ ಶಾಲೆಗಳಲ್ಲಿ ಕಲಿಸಿದ ಬಳಿಕ ಅವರು ಕಾಂಕಾರ್ಡ್ ಹೈಸ್ಕೂಲಿನಲ್ಲಿ ಸಮಾಜ ವಿಷಯದ ಶಿಕ್ಷಕಿಯಾದರು. ಇತಿಹಾಸವೆಂದರೆ ರಾಜರು, ಅಧ್ಯಕ್ಷರು, ಯುದ್ಧಗಳು ಮಾತ್ರವಲ್ಲ, ಸಾಧಾರಣ ಜನರ ಬದುಕೇ ನಿಜವಾದ ಇತಿಹಾಸ ಎಂಬುದು ಅವರ ನಂಬಿಕೆಯಾಗಿತ್ತು. ಅದಕ್ಕಾಗಿ ಅಮೆರಿಕದ ಮಹಿಳೆಯರ ಬದುಕಿನ ಬಗ್ಗೆ ಒಂದು ಪ್ರತ್ಯೇಕ ಪಠ್ಯಕ್ರಮವನ್ನೇ ರೂಪಿಸಿದರು. ಹಿಂದಿನ ಕಾಲದ ಹೆಂಗಸರ ದಿನಚರಿಗಳು, ಪತ್ರಗಳು ಅವರಿಗೆ ಪಾಠದ ಸಾಮಗ್ರಿಯಾಗಿದ್ದವು. ಮಕ್ಕಳನ್ನು ತರಗತಿಯಿಂದ ಹೊರಗೆ ಕರೆದೊಯ್ದು ಕಣ್ಣಾರೆ ತೋರಿಸಿ ಕಲಿಸುವುದು ಅವರಿಗೆ ಬಹಳ ಇಷ್ಟ.

ಶಾಲೆಯ ಗಂಟೆ ಹೊಡೆದೊಡನೆ ಅವರ ಕೆಲಸ ಮುಗಿಯುತ್ತಿರಲಿಲ್ಲ. ಕಾಂಕಾರ್ಡ್‌ನ ಸಂತ ಪೇತ್ರರ ಚರ್ಚಿನಲ್ಲಿ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತಿದ್ದರು. ಬಾಲಕಿಯರ ಸ್ಕೌಟ್ ತಂಡಕ್ಕೆ ಮಾರ್ಗದರ್ಶಕಿಯಾಗಿದ್ದರು. ಆಸ್ಪತ್ರೆಗಾಗಿ ದೇಣಿಗೆ ಸಂಗ್ರಹಿಸಲು ಓಡಾಡುತ್ತಿದ್ದರು. ಯಾವ ಧರ್ಮಕೇಂದ್ರದಲ್ಲಾದರೂ ಇಂಥ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಏನು ಕೆಲಸವಿದ್ದರೂ ಅವರ ಹೆಸರೇ ಮೊದಲು ಬರುತ್ತದೆ, ಅವರು ಇಲ್ಲ ಎನ್ನುವುದೂ ಇಲ್ಲ. ಕ್ರಿಸ್ಟಾ ಅಂಥವರಾಗಿದ್ದರು.

11,000 ಅರ್ಜಿಗಳಲ್ಲಿ ಒಂದು

1984ರ ಆಗಸ್ಟ್ 27ರಂದು ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ಒಂದು ಹೊಸ ಯೋಜನೆಯನ್ನು ಪ್ರಕಟಿಸಿದರು. ಬಾಹ್ಯಾಕಾಶ ನೌಕೆಯಲ್ಲಿ ಹೋಗುವ ಮೊದಲ ಸಾಮಾನ್ಯ ನಾಗರಿಕರು ಒಬ್ಬ ಶಿಕ್ಷಕರಾಗಿರಬೇಕು ಎಂಬುದು ಆ ಯೋಜನೆ. ದೇಶದೆಲ್ಲೆಡೆಯಿಂದ ಸುಮಾರು 11,000 ಅರ್ಜಿಗಳು ಬಂದವು. ಕ್ರಿಸ್ಟಾ ಕೂಡ ಅರ್ಜಿ ಹಾಕಿದರು.

ತಾನು ಬಾಹ್ಯಾಕಾಶ ಯುಗ ಹುಟ್ಟುವುದನ್ನು ನೋಡುತ್ತಾ ಬೆಳೆದವಳು, ಈಗ ಅದರಲ್ಲಿ ಪಾಲ್ಗೊಳ್ಳುವ ಆಸೆಯಿದೆ ಎಂದು ಅವರು ಬರೆದರು. ಜೊತೆಗೆ ಒಂದು ದಿನಚರಿ ಬರೆಯುವ ಯೋಜನೆಯನ್ನು ಮುಂದಿಟ್ಟರು. ಹಿಂದೆ ಮುಚ್ಚುಬಂಡಿಗಳಲ್ಲಿ ಕುಳಿತು ಅಮೆರಿಕದ ಪಶ್ಚಿಮ ಭಾಗಕ್ಕೆ ವಲಸೆ ಹೋದ ಹೆಂಗಸರು ದಾರಿಯುದ್ದಕ್ಕೂ ದಿನಚರಿ ಬರೆದಿಟ್ಟಿದ್ದರು. ಅಂದಿನ ಬದುಕನ್ನು ನಮಗೆ ತಿಳಿಸಿಕೊಟ್ಟದ್ದು ಆ ಬರಹಗಳೇ. ಹಾಗೆಯೇ ಬಾಹ್ಯಾಕಾಶಕ್ಕೆ ಹೋಗುವ ಸಾಮಾನ್ಯ ವ್ಯಕ್ತಿಯೊಬ್ಬರ ಕಣ್ಣಿಗೆ ಏನು ಕಂಡಿತೆಂಬುದನ್ನು ತರಬೇತಿ, ಪ್ರಯಾಣ, ಮರಳಿಕೆ ಎಂಬ ಮೂರು ಭಾಗಗಳಲ್ಲಿ ಬರೆದಿಡುವುದು ಅವರ ಉದ್ದೇಶವಾಗಿತ್ತು. ತರಗತಿಯಲ್ಲಿ ಅವರು ಏನನ್ನು ಕಲಿಸುತ್ತಿದ್ದರೋ ಅರ್ಜಿಯಲ್ಲೂ ಅದನ್ನೇ ಬರೆದಿದ್ದರು.

ಅರ್ಜಿದಾರರಲ್ಲಿ 114 ಮಂದಿ ರಾಜ್ಯಗಳ ಪ್ರತಿನಿಧಿಗಳಾಗಿ ಆಯ್ಕೆಯಾದರು. ಅವರಲ್ಲಿ 10 ಮಂದಿ ಕೊನೆಯ ಸುತ್ತಿಗೆ ಬಂದರು. 1985ರ ಜುಲೈ 19ರಂದು ಅಮೆರಿಕದ ಅಧ್ಯಕ್ಷರ ನಿವಾಸವಾದ ಶ್ವೇತಭವನದಲ್ಲಿ ಉಪಾಧ್ಯಕ್ಷ ಜಾರ್ಜ್ ಬುಷ್ ಅವರು ಕ್ರಿಸ್ಟಾ ಮೆಕಾಲಿಫ್ ಹೆಸರನ್ನು ಘೋಷಿಸಿದರು. ಅಗತ್ಯ ಬಿದ್ದರೆ ಅವರ ಬದಲಿಗೆ ಹೋಗಲು ಐಡಾಹೊ ರಾಜ್ಯದ ಪ್ರಾಥಮಿಕ ಶಾಲಾ ಶಿಕ್ಷಕಿ ಬಾರ್ಬರಾ ಮಾರ್ಗನ್ ಆಯ್ಕೆಯಾದರು.

ಅಂದಿನಿಂದ ಕ್ರಿಸ್ಟಾ ದೇಶಕ್ಕೆಲ್ಲ ಪರಿಚಿತರಾದರು. ಪತ್ರಿಕೆಗಳಲ್ಲಿ, ದೂರದರ್ಶನದಲ್ಲಿ ಎಲ್ಲೆಲ್ಲೂ ಅವರೇ. ಅವರ ನಗುಮುಖ, ಆಡಂಬರವಿಲ್ಲದ ಮಾತು ಜನರಿಗೆ ಹಿಡಿಸಿತು. ಆದರೆ ಅವರು ಶಾಲೆಯಿಂದ ಪಡೆದದ್ದು ಒಂದು ವರ್ಷದ ರಜೆ ಮಾತ್ರ. ಯಾನ ಮುಗಿಸಿ ಮತ್ತೆ ಕಾಂಕಾರ್ಡ್ ಹೈಸ್ಕೂಲಿಗೇ ಮರಳುವುದೆಂದು ಅವರು ನಿರ್ಧರಿಸಿದ್ದರು.

ಏಳು ಮಂದಿಯ ಕುಟುಂಬ

1985ರ ಸೆಪ್ಟೆಂಬರ್‌ನಲ್ಲಿ ಕ್ರಿಸ್ಟಾ ಮತ್ತು ಬಾರ್ಬರಾ ಟೆಕ್ಸಾಸ್‌ನ ಹ್ಯೂಸ್ಟನ್‌ನಲ್ಲಿರುವ ಜಾನ್ಸನ್ ಬಾಹ್ಯಾಕಾಶ ಕೇಂದ್ರದಲ್ಲಿ ತರಬೇತಿ ಆರಂಭಿಸಿದರು. ಮಕ್ಕಳು ಮತ್ತು ಪತಿ ಕಾಂಕಾರ್ಡ್‌ನಲ್ಲೇ ಉಳಿದರು. ಮನೆಯವರನ್ನು ಬಿಟ್ಟು ತಿಂಗಳುಗಟ್ಟಲೆ ದೂರವಿರುವುದು ಎಂಥ ಕಷ್ಟವೆಂಬುದು ನಮ್ಮ ಕರಾವಳಿಯ ಕುಟುಂಬಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಚಾಲೆಂಜರ್ ನೌಕೆಯ ಆ ತಂಡದಲ್ಲಿ ಬೇರೆ ಬೇರೆ ಹಿನ್ನೆಲೆಯ ಜನರಿದ್ದರು. ನಾಯಕ ಡಿಕ್ ಸ್ಕೋಬಿ ವಾಯುಪಡೆಯಲ್ಲಿ ವಿಮಾನ ರಿಪೇರಿ ಮಾಡುವ ಮೆಕ್ಯಾನಿಕ್ ಆಗಿ ವೃತ್ತಿ ಆರಂಭಿಸಿ ಪೈಲಟ್ ಹುದ್ದೆಗೇರಿದವರು. ಮೈಕೆಲ್ ಸ್ಮಿತ್ ನೌಕಾಪಡೆಯ ಪೈಲಟ್. ಹವಾಯಿ ದ್ವೀಪದ ಎಲಿಸನ್ ಒನಿಝುಕಾ ಜಪಾನೀ ಮೂಲದವರು, ಬೌದ್ಧ ಧರ್ಮೀಯರು. ಜೂಡಿತ್ ರೆಸ್ನಿಕ್ ಯೆಹೂದಿ ಮನೆತನದ ಎಂಜಿನಿಯರ್, ಬಾಹ್ಯಾಕಾಶಕ್ಕೆ ಹೋದ ಎರಡನೇ ಅಮೆರಿಕನ್ ಮಹಿಳೆ. ರೊನಾಲ್ಡ್ ಮೆಕ್‌ನೇರ್ ದಕ್ಷಿಣ ಕೆರೊಲಿನಾದ ಕಪ್ಪುವರ್ಣೀಯ ಭೌತವಿಜ್ಞಾನಿ, ಬ್ಯಾಪ್ಟಿಸ್ಟ್ ಸಭೆಯವರು, ಸ್ಯಾಕ್ಸೊಫೋನ್ ವಾದಕರು ಕೂಡ. ಗ್ರೆಗರಿ ಜಾರ್ವಿಸ್ ಖಾಸಗಿ ಕಂಪೆನಿಯೊಂದರ ಎಂಜಿನಿಯರ್. ಏಳನೆಯವರು ಕ್ರಿಸ್ಟಾ.

ಆರು ದಿನಗಳ ಆ ಯಾನದಲ್ಲಿ ಒಂದು ಸಂಪರ್ಕ ಉಪಗ್ರಹವನ್ನು ಬಿಡುವುದು, ಹ್ಯಾಲಿ ಧೂಮಕೇತುವನ್ನು ಗಮನಿಸುವ ಉಪಕರಣವೊಂದನ್ನು ಬಳಸುವುದು ಮುಖ್ಯ ಕೆಲಸಗಳಾಗಿದ್ದವು. ಕ್ರಿಸ್ಟಾಗೆ ಎರಡು ಪಾಠಗಳ ಹೊಣೆಯಿತ್ತು. ಬಾಹ್ಯಾಕಾಶದಿಂದಲೇ ನೇರ ಪ್ರಸಾರವಾಗಿ ಅವು ದೇಶದ ಶಾಲೆಗಳನ್ನು ತಲುಪಬೇಕಿತ್ತು. ಮೊದಲ ಪಾಠದಲ್ಲಿ ನೌಕೆಯ ಒಳಗನ್ನೆಲ್ಲ ತೋರಿಸಿ, ಒಬ್ಬೊಬ್ಬರ ಕೆಲಸವೇನೆಂದು ಪರಿಚಯಿಸಬೇಕಿತ್ತು. ತರಗತಿಯ ಮಕ್ಕಳನ್ನು ಹೊರಗೆ ಕರೆದೊಯ್ಯುತ್ತಿದ್ದ ಶಿಕ್ಷಕಿ ಈ ಬಾರಿ ದೇಶದ ಮಕ್ಕಳನ್ನೆಲ್ಲ ಅತಿ ದೊಡ್ಡ ಶೈಕ್ಷಣಿಕ ಪ್ರವಾಸಕ್ಕೆ ಕರೆದೊಯ್ಯಲಿದ್ದರು. ಮನುಷ್ಯ ಬಾಹ್ಯಾಕಾಶಕ್ಕೆ ಹೋಗುವುದು ಏಕೆ, ಅದರಿಂದ ನಮ್ಮ ದಿನನಿತ್ಯದ ಬದುಕಿಗೇನು ಲಾಭ ಎಂಬುದು ಎರಡನೇ ಪಾಠ. ಇವಲ್ಲದೆ ತೂಕವಿಲ್ಲದ ಸ್ಥಿತಿಯಲ್ಲಿ ಮಾಡಿ ತೋರಿಸುವ ಕೆಲವು ಸರಳ ಪ್ರಯೋಗಗಳನ್ನು ಚಿತ್ರೀಕರಿಸುವುದೂ ಇತ್ತು.

ಮನೆಯವರ ನೆನಪಿಗೆಂದು ಅವರು ಕೆಲವು ಸಣ್ಣ ವಸ್ತುಗಳನ್ನು ಜೊತೆಗೆ ಕೊಂಡೊಯ್ದರು. ಮಗನ ಆಟಿಕೆಯ ಕಪ್ಪೆ, ಅಜ್ಜಿಯ ಕೈಗಡಿಯಾರ, ಮಗಳು ಕೆರೊಲಿನ್‌ಳ ಶಿಲುಬೆ.

ಮತ್ತೆ ಮತ್ತೆ ಮುಂದೂಡಿದ ಯಾನ

1986ರ ಜನವರಿ 22ಕ್ಕೆ ಗೊತ್ತಾಗಿದ್ದ ಯಾನ ಹಲವು ಬಾರಿ ಮುಂದಕ್ಕೆ ಹೋಯಿತು. ಹಿಂದಿನ ನೌಕೆ ಮರಳುವುದು ತಡವಾದದ್ದು, ತುರ್ತು ಸಂದರ್ಭದಲ್ಲಿ ಇಳಿಯಬೇಕಾದ ಆಫ್ರಿಕಾದ ತಾಣದಲ್ಲಿ ಹವಾಮಾನ ಕೆಟ್ಟದ್ದು, ಫ್ಲೋರಿಡಾದಲ್ಲೇ ಮಳೆಯ ಮುನ್ಸೂಚನೆ, ಹೀಗೆ ಒಂದಲ್ಲ ಒಂದು ಕಾರಣ. ಜನವರಿ 27ರಂದು ಏಳು ಮಂದಿಯೂ ನೌಕೆಯೊಳಗೆ ಕುಳಿತಿದ್ದರು. ಬಾಗಿಲಿಗೆ ತಾತ್ಕಾಲಿಕವಾಗಿ ಹಾಕಿದ್ದ ಹಿಡಿಕೆಯೊಂದರ ಬೋಲ್ಟ್ ಬಿಚ್ಚಲಾಗಲಿಲ್ಲ. ಅದನ್ನು ಕೊರೆದು ತೆಗೆಯಲು ತಂದ ಯಂತ್ರದ ಬ್ಯಾಟರಿಯಲ್ಲಿ ಚಾರ್ಜ್ ಇರಲಿಲ್ಲ. ಅಷ್ಟರಲ್ಲಿ ಗಾಳಿ ಜೋರಾಯಿತು, ಅಂದಿನ ಯಾನವೂ ರದ್ದಾಯಿತು. ಪತ್ರಿಕೆಗಳು ಮತ್ತು ದೂರದರ್ಶನ ಈ ವಿಳಂಬವನ್ನು ಗೇಲಿ ಮಾಡಿದವು.

ಆ ರಾತ್ರಿ ಫ್ಲೋರಿಡಾದಲ್ಲಿ ಅಪರೂಪದ ಚಳಿ ಕವಿಯಿತು. ಉಡಾವಣಾ ವೇದಿಕೆಯ ಮೇಲೆ ಮಂಜುಗಡ್ಡೆ ಕಟ್ಟಿತು.

ಕೇಳದೆ ಹೋದ ಎಚ್ಚರಿಕೆ

ನೌಕೆಯ ಎರಡೂ ಪಕ್ಕಗಳಲ್ಲಿ ಘನ ಇಂಧನದ ದೊಡ್ಡ ರಾಕೆಟ್‌ಗಳಿರುತ್ತಿದ್ದವು. ಹಲವು ತುಂಡುಗಳನ್ನು ಒಂದರ ಮೇಲೊಂದು ಜೋಡಿಸಿ ಅವನ್ನು ಕಟ್ಟುತ್ತಿದ್ದರು. ಜೋಡಣೆಯ ಸಂದಿನಿಂದ ಒಳಗಿನ ಬಿಸಿ ಅನಿಲ ಹೊರಗೆ ನುಗ್ಗದಂತೆ ತಡೆಯುತ್ತಿದ್ದುದು ರಬ್ಬರಿನ ಬಳೆಗಳು. ನಮ್ಮ ಮನೆಯ ಪ್ರೆಷರ್ ಕುಕ್ಕರಿನ ಮುಚ್ಚಳಕ್ಕೆ ಗ್ಯಾಸ್ಕೆಟ್ ಇರುವಂತೆಯೇ ಇದು. ಚಳಿಗೆ ಆ ರಬ್ಬರು ಗಡುಸಾದರೆ ಸಂದನ್ನು ಬೇಗನೆ ಮುಚ್ಚಲಾರದು.

ರಾಕೆಟ್ ತಯಾರಿಸಿದ ಮಾರ್ಟನ್ ಥಿಯೊಕಾಲ್ ಕಂಪೆನಿಯ ಎಂಜಿನಿಯರುಗಳಿಗೆ ಇದು ತಿಳಿದಿತ್ತು. ರೋಜರ್ ಬೋಯ್‌ಜೋಲಿ ಎಂಬ ಎಂಜಿನಿಯರ್ 1985ರ ಜುಲೈಯಲ್ಲೇ ಈ ಅಪಾಯದ ಬಗ್ಗೆ ಮೇಲಧಿಕಾರಿಗಳಿಗೆ ಲಿಖಿತವಾಗಿ ಎಚ್ಚರಿಕೆ ಕೊಟ್ಟಿದ್ದರು. ಜನವರಿ 27ರ ರಾತ್ರಿ ದೂರವಾಣಿಯಲ್ಲಿ ದೀರ್ಘ ಸಭೆ ನಡೆಯಿತು. ಅದುವರೆಗಿನ ಅತಿ ಚಳಿಯ ಉಡಾವಣೆ ನಡೆದದ್ದು ಸುಮಾರು 12 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅಂದೇ ರಬ್ಬರ್ ಬಳೆಗಳಿಗೆ ಹಾನಿಯಾಗಿತ್ತು. ಆದ್ದರಿಂದ ಅದಕ್ಕಿಂತ ಹೆಚ್ಚು ಚಳಿಯಲ್ಲಿ ಹಾರಿಸುವುದು ಬೇಡವೆಂದು ಎಂಜಿನಿಯರುಗಳು ವಾದಿಸಿದರು. ನಾಸಾದ ಅಧಿಕಾರಿಗಳಿಗೆ ಅದು ಹಿಡಿಸಲಿಲ್ಲ. ಕಂಪೆನಿಯ ಆಡಳಿತದವರು ಬಿಡುವು ಕೇಳಿ ತಮ್ಮೊಳಗೆ ಚರ್ಚಿಸಿದರು. ಕೊನೆಯ ತೀರ್ಮಾನದ ಹೊತ್ತಿಗೆ ಎಂಜಿನಿಯರುಗಳ ಅಭಿಪ್ರಾಯವನ್ನೇ ಕೇಳದೆ, ಹಾರಿಸಬಹುದು ಎಂದು ತಿಳಿಸಿದರು. ಫ್ಲೋರಿಡಾದಲ್ಲಿದ್ದ ಕಂಪೆನಿಯ ಪ್ರತಿನಿಧಿ ಅಲನ್ ಮೆಕ್‌ಡೊನಾಲ್ಡ್ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ನಿರಾಕರಿಸಿದರು. ಬೇರೊಬ್ಬರು ಸಹಿ ಹಾಕಿದರು.

ಈ ವಾದ ನಡೆದದ್ದು ಅಂತಿಮ ನಿರ್ಧಾರ ಕೈಗೊಂಡ ನಾಸಾದ ಉನ್ನತ ಅಧಿಕಾರಿಗಳಿಗೆ ತಿಳಿಯಲಿಲ್ಲ. ಮರುದಿನ ನೌಕೆ ಏರಲಿದ್ದ ಏಳು ಮಂದಿಗೂ ಯಾರೂ ಹೇಳಲಿಲ್ಲ.

73 ಸೆಕೆಂಡುಗಳು

ಜನವರಿ 28ರ ಬೆಳಿಗ್ಗೆ ನೌಕೆಯ ಬಾಗಿಲ ಬಳಿಯಿದ್ದ ತಂತ್ರಜ್ಞರೊಬ್ಬರು ಕ್ರಿಸ್ಟಾ ಅವರಿಗೆ ಒಂದು ಕೆಂಪು ಸೇಬುಹಣ್ಣು ಕೊಟ್ಟರು. ಅಮೆರಿಕದಲ್ಲಿ ಮಕ್ಕಳು ಟೀಚರಿಗೆ ಸೇಬು ಕೊಡುವುದು ಹಳೆಯ ರೂಢಿ. ಮರಳಿ ಬಂದ ಮೇಲೆ ತೆಗೆದುಕೊಳ್ಳುತ್ತೇನೆ, ಅಲ್ಲಿಯವರೆಗೆ ಇಟ್ಟುಕೊಂಡಿರಿ ಎಂದು ಹೇಳಿ ಕ್ರಿಸ್ಟಾ ನಗುತ್ತಾ ಒಳಗೆ ನಡೆದರು.

ಕ್ರಿಸ್ಟಾ ಅವರ ತಂದೆತಾಯಿ, ಪತಿ, 9 ವರ್ಷದ ಸ್ಕಾಟ್, 6 ವರ್ಷದ ಕೆರೊಲಿನ್ ಎಲ್ಲರೂ ಕೆನಡಿ ಬಾಹ್ಯಾಕಾಶ ಕೇಂದ್ರದಲ್ಲಿದ್ದರು. ಸ್ಕಾಟ್‌ನ ತರಗತಿಯ ಮಕ್ಕಳು ಕೂಡ ನೋಡಲು ಬಂದಿದ್ದರು. ಕಾಂಕಾರ್ಡ್ ಹೈಸ್ಕೂಲಿನ ಸಭಾಂಗಣದಲ್ಲಿ ವಿದ್ಯಾರ್ಥಿಗಳು ಬಣ್ಣದ ಟೋಪಿ ತೊಟ್ಟು, ಪೀಪಿ ಹಿಡಿದು ದೂರದರ್ಶನದ ಮುಂದೆ ಸೇರಿದ್ದರು. ಶಿಕ್ಷಕಿಯೊಬ್ಬರು ಹೋಗುತ್ತಿದ್ದಾರೆಂಬ ಕಾರಣಕ್ಕೆ ದೇಶದ ಅಸಂಖ್ಯ ಶಾಲೆಗಳಲ್ಲಿ ಮಕ್ಕಳು ನೇರ ಪ್ರಸಾರ ನೋಡುತ್ತಿದ್ದರು.

ಅಲ್ಲಿ ಬೆಳಿಗ್ಗೆ 11 ಗಂಟೆ 38 ನಿಮಿಷ, ನಮ್ಮಲ್ಲಿ ರಾತ್ರಿ 10 ಗಂಟೆ ಕಳೆದಿತ್ತು. ಸುಮಾರು 2 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿ ಚಾಲೆಂಜರ್ ಮೇಲಕ್ಕೆದ್ದಿತು. ಬಲಬದಿಯ ರಾಕೆಟ್ಟಿನ ಸಂದಿನಿಂದ ಆರಂಭದಲ್ಲೇ ಕಪ್ಪು ಹೊಗೆ ಹೊರಬಂದದ್ದನ್ನು ಆಗ ಯಾರೂ ಗಮನಿಸಲಿಲ್ಲ. ಬಳಿಕ ಅಲ್ಲಿಂದಲೇ ಬೆಂಕಿಯ ನಾಲಗೆ ಹೊರಟು ಇಂಧನದ ದೊಡ್ಡ ತೊಟ್ಟಿಯತ್ತ ಚಾಚಿತು. 73ನೇ ಸೆಕೆಂಡಿನಲ್ಲಿ ನೌಕೆ ಛಿದ್ರವಾಯಿತು. ನೀಲಿ ಆಕಾಶದಲ್ಲಿ ಬಿಳಿ ಹೊಗೆ ಎರಡಾಗಿ ಕವಲೊಡೆಯಿತು. ಕೆಳಗಿದ್ದವರಲ್ಲಿ ಅನೇಕರಿಗೆ ಕೆಲ ಕ್ಷಣ ಏನಾಯಿತೆಂದೇ ಅರ್ಥವಾಗಲಿಲ್ಲ. ಕಾಂಕಾರ್ಡ್‌ನ ಸಭಾಂಗಣದಲ್ಲಿ ಮಕ್ಕಳ ಹರ್ಷೋದ್ಗಾರ ನಿಂತು ಮೌನ ಆವರಿಸಿತು. ಆಗ ಕ್ರಿಸ್ಟಾ ಅವರಿಗೆ 37 ವರ್ಷ.

ಅಂದು ರಾತ್ರಿ ಸಂಸತ್ತಿನಲ್ಲಿ ವಾರ್ಷಿಕ ಭಾಷಣ ಮಾಡಬೇಕಿದ್ದ ಅಧ್ಯಕ್ಷ ರೇಗನ್ ಅದನ್ನು ಮುಂದೂಡಿ ದೇಶವನ್ನುದ್ದೇಶಿಸಿ ಮಾತನಾಡಿದರು. ನೇರ ಪ್ರಸಾರ ನೋಡಿದ್ದ ಶಾಲಾ ಮಕ್ಕಳಿಗೆಂದೇ ಕೆಲವು ಸಾಂತ್ವನದ ಮಾತುಗಳನ್ನು ಹೇಳಿದರು. ಗಗನಯಾತ್ರಿಗಳಿದ್ದ ಭಾಗ ಅಟ್ಲಾಂಟಿಕ್ ಸಮುದ್ರದ ತಳದಲ್ಲಿ ಮಾರ್ಚ್ ತಿಂಗಳಲ್ಲಿ ಸಿಕ್ಕಿತು. ಕ್ರಿಸ್ಟಾ ಅವರ ಪಾರ್ಥಿವ ಶರೀರವನ್ನು ಕಾಂಕಾರ್ಡ್‌ಗೆ ತಂದು ಕಲ್ವಾರಿ ಹೆಸರಿನ ಕಥೋಲಿಕ ಸಮಾಧಿಭೂಮಿಯಲ್ಲಿ ಮಣ್ಣು ಮಾಡಲಾಯಿತು.

ತನಿಖೆ ಮತ್ತು ಮನಸ್ಸಾಕ್ಷಿಯ ಭಾರ

ಅಧ್ಯಕ್ಷರು ನೇಮಿಸಿದ ರೋಜರ್ಸ್ ಆಯೋಗದಲ್ಲಿ ಚಂದ್ರನ ಮೇಲೆ ಮೊದಲು ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್, ಅಮೆರಿಕದ ಮೊದಲ ಮಹಿಳಾ ಗಗನಯಾತ್ರಿ ಸ್ಯಾಲಿ ರೈಡ್, ನೊಬೆಲ್ ಪ್ರಶಸ್ತಿ ಪಡೆದ ವಿಜ್ಞಾನಿ ರಿಚರ್ಡ್ ಫೈನ್‌ಮನ್ ಇದ್ದರು. ವಿಚಾರಣೆಯ ನಡುವೆ ಫೈನ್‌ಮನ್ ಆ ರಬ್ಬರಿನ ತುಂಡೊಂದನ್ನು ಹಿಡಿಕೆಯಲ್ಲಿ ಒತ್ತಿ, ಮಂಜುಗಡ್ಡೆ ಹಾಕಿದ ನೀರಿನ ಲೋಟದಲ್ಲಿ ಅದ್ದಿದರು. ಹೊರತೆಗೆದಾಗ ಅದು ಬೇಗನೆ ಮೊದಲಿನ ಆಕಾರಕ್ಕೆ ಬರಲಿಲ್ಲ. ದೊಡ್ಡ ದೊಡ್ಡ ವರದಿಗಳು ಹೇಳದ್ದನ್ನು ಒಂದು ಲೋಟ ನೀರು ತೋರಿಸಿಕೊಟ್ಟಿತು. 1986ರ ಜೂನ್‌ನಲ್ಲಿ ಬಂದ ಆಯೋಗದ ವರದಿ ರಬ್ಬರ್ ಬಳೆಯ ವೈಫಲ್ಯದ ಜೊತೆಗೆ, ನಿರ್ಧಾರ ಕೈಗೊಂಡ ರೀತಿಯೇ ದೋಷಪೂರ್ಣವಾಗಿತ್ತು ಎಂದು ತೀರ್ಮಾನಿಸಿತು. 1988ರ ಸೆಪ್ಟೆಂಬರ್ 29ರವರೆಗೆ ಯಾವ ನೌಕೆಯೂ ಹಾರಲಿಲ್ಲ.

ಆ ರಾತ್ರಿ ಬೇಡವೆಂದವರಲ್ಲಿ ಬಾಬ್ ಎಬೆಲಿಂಗ್ ಎಂಬ ಎಂಜಿನಿಯರ್ ಕೂಡ ಒಬ್ಬರು. ತಾನು ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು ಎಂಬ ಕೊರಗನ್ನು ಅವರು 30 ವರ್ಷ ಹೊತ್ತುಕೊಂಡಿದ್ದರು. ಇಂಥ ಕೆಲಸಕ್ಕೆ ತನ್ನಂಥ ಕೈಲಾಗದವನನ್ನು ದೇವರು ಏಕೆ ಆರಿಸಿದನೋ ಎಂದು ನೊಂದುಕೊಳ್ಳುತ್ತಿದ್ದರು. 2016ರ ಜನವರಿಯಲ್ಲಿ ರೇಡಿಯೊ ಸಂದರ್ಶನವೊಂದರಲ್ಲಿ ಅವರ ನೋವನ್ನು ಕೇಳಿದ ನೂರಾರು ಅಪರಿಚಿತರು ಸಮಾಧಾನದ ಪತ್ರಗಳನ್ನು ಬರೆದರು. ಅದರಿಂದ ಮನಸ್ಸು ಸ್ವಲ್ಪ ಹಗುರಾದ ಬಳಿಕ, ಅದೇ ವರ್ಷದ ಮಾರ್ಚ್‌ನಲ್ಲಿ ಅವರು ತೀರಿಕೊಂಡರು. ತಪ್ಪು ಮಾಡಿದವರಿಗಿಂತ ತಪ್ಪನ್ನು ತಡೆಯಲು ಹೆಣಗಿದವರೇ ಹೆಚ್ಚು ಭಾರ ಹೊರುವುದು ಲೋಕದಲ್ಲಿ ಹೊಸತಲ್ಲ. ಅಂಥವರಿಗೆ ಒಂದು ಒಳ್ಳೆಯ ಮಾತು ಬರೆದು ಕಳಿಸುವುದು ಕೂಡ ಕರುಣೆಯ ಕೆಲಸವೇ.

ದುಃಖದ ಸಂಗತಿಯೆಂದರೆ, 2003ರ ಕೊಲಂಬಿಯಾ ದುರಂತದ ತನಿಖೆಯೂ ಚಾಲೆಂಜರ್ ಕಾಲದ ಅದೇ ದೋಷಗಳನ್ನು ಮತ್ತೆ ಕಂಡಿತು. ಎಂಜಿನಿಯರುಗಳ ಆತಂಕ ಮೇಲಿನವರ ಕಿವಿಗೆ ಬಿದ್ದಿರಲಿಲ್ಲ. ಕ್ರಿಸ್ಟಾ ಅವರನ್ನು ಕಳೆದುಕೊಂಡು ಕಲಿತ ಪಾಠ ಮರೆತುಹೋದದ್ದಕ್ಕೆ ಕಲ್ಪನಾ ಸಹಿತ ಇನ್ನೂ ಏಳು ಮಂದಿ ಬಲಿಯಾದರು.

ಪಾಠ ಮುಂದುವರಿಯಿತು

ಮಡಿದ ಏಳು ಮಂದಿಯ ಕುಟುಂಬಗಳು ಸುಮ್ಮನೆ ಕೂರಲಿಲ್ಲ. 1986ರಲ್ಲೇ ಅವರು ಸೇರಿ ಚಾಲೆಂಜರ್ ಸೆಂಟರ್ ಎಂಬ ಸಂಸ್ಥೆ ಕಟ್ಟಿದರು. ಶಾಲಾ ಮಕ್ಕಳು ಬಾಹ್ಯಾಕಾಶ ಯಾನವನ್ನು ತಾವೇ ನಡೆಸುವಂತೆ ಅಭಿನಯಿಸಿ ವಿಜ್ಞಾನ ಕಲಿಯುವ ಕೇಂದ್ರಗಳನ್ನು ಅದು ಸ್ಥಾಪಿಸಿತು. ಕಲ್ಲಿನ ಸ್ಮಾರಕಕ್ಕಿಂತ ಕಲಿಕೆಯ ಸ್ಮಾರಕ ಮೇಲೆಂದು ಆ ಕುಟುಂಬಗಳು ಎಣಿಸಿದವು.

ಕ್ರಿಸ್ಟಾ ಅವರ ತಾಯಿ ಗ್ರೇಸ್ ಮಗಳ ಬದುಕಿನ ಬಗ್ಗೆ ಪುಸ್ತಕ ಬರೆದರು, ಶಾಲೆಗಳಿಗೆ ಹೋಗಿ ಮಕ್ಕಳೊಂದಿಗೆ ಮಾತನಾಡಿದರು. 2018ರಲ್ಲಿ ಅವರು ನಿಧನರಾದರು. ಪತಿ ಸ್ಟೀವನ್ ಪ್ರಚಾರದಿಂದ ದೂರ ಉಳಿದು ಮಕ್ಕಳನ್ನು ಬೆಳೆಸಿದರು. 1992ರಲ್ಲಿ ಅವರು ಫೆಡರಲ್ ನ್ಯಾಯಾಧೀಶರಾದರು.

ಬದಲಿ ಶಿಕ್ಷಕಿಯಾಗಿ ಆಯ್ಕೆಯಾಗಿದ್ದ ಬಾರ್ಬರಾ ಮಾರ್ಗನ್ ದುರಂತದ ಬಳಿಕ ಐಡಾಹೊದ ತಮ್ಮ ಶಾಲೆಗೆ ಮರಳಿ ಪಾಠ ಹೇಳತೊಡಗಿದರು. ಗೆಳತಿಯ ಸಾವನ್ನು ಕಣ್ಣಾರೆ ಕಂಡಿದ್ದರೂ ಅವರು ಹಿಂಜರಿಯಲಿಲ್ಲ. 1998ರಲ್ಲಿ ನಾಸಾ ಅವರನ್ನು ಪೂರ್ಣಕಾಲಿಕ ಗಗನಯಾತ್ರಿಯಾಗಿ ಆಯ್ಕೆಮಾಡಿತು. 2007ರ ಆಗಸ್ಟ್‌ನಲ್ಲಿ, 21 ವರ್ಷಗಳ ಕಾಯುವಿಕೆಯ ಬಳಿಕ, ಅವರು ಎಂಡೆವರ್ ನೌಕೆಯಲ್ಲಿ ಬಾಹ್ಯಾಕಾಶಕ್ಕೆ ಹೋಗಿ ಸುರಕ್ಷಿತವಾಗಿ ಮರಳಿದರು. ಆ ಎಂಡೆವರ್ ಕಟ್ಟಿದ್ದು ಚಾಲೆಂಜರ್ ನೌಕೆಯ ಸ್ಥಾನ ತುಂಬಲೆಂದೇ. ಅದಕ್ಕೆ ಹೆಸರು ಸೂಚಿಸಿದವರು ಶಾಲಾ ಮಕ್ಕಳು.

ಕ್ರಿಸ್ಟಾ ಸಿದ್ಧಪಡಿಸಿದ್ದ ಪ್ರಯೋಗಗಳ ಟಿಪ್ಪಣಿಗಳು ಉಳಿದಿದ್ದವು. 2018ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದ ಜೋ ಅಕಾಬಾ ಮತ್ತು ರಿಕಿ ಅರ್ನಾಲ್ಡ್ ಅವುಗಳಲ್ಲಿ ಕೆಲವನ್ನು ಮಾಡಿ ತೋರಿಸಿ ಚಿತ್ರೀಕರಿಸಿದರು. ಗಗನಯಾತ್ರಿಗಳಾಗುವ ಮೊದಲು ಅವರಿಬ್ಬರೂ ಶಾಲಾ ಶಿಕ್ಷಕರಾಗಿದ್ದವರೇ. ಹೀಗೆ 32 ವರ್ಷಗಳ ಬಳಿಕ ಕ್ರಿಸ್ಟಾ ಟೀಚರಿನ ಪಾಠ ಬಾನಿನಿಂದ ಮಕ್ಕಳನ್ನು ತಲುಪಿತು.

ಸನ್ಮಾನಗಳೂ ಬಂದವು. ಚಂದ್ರನ ಮೇಲಿನ ಒಂದು ಕುಳಿಗೂ ಒಂದು ಕ್ಷುದ್ರಗ್ರಹಕ್ಕೂ ಅವರ ಹೆಸರಿದೆ. 2004ರಲ್ಲಿ ಅವರಿಗೆ ಅಮೆರಿಕ ಸಂಸತ್ತಿನ ಬಾಹ್ಯಾಕಾಶ ಗೌರವ ಪದಕ ಮರಣೋತ್ತರವಾಗಿ ಸಂದಿತು. 2024ರ ಸೆಪ್ಟೆಂಬರ್ 2ರಂದು, ಅವರ 76ನೇ ಹುಟ್ಟುಹಬ್ಬದ ದಿನ, ಕಾಂಕಾರ್ಡ್‌ನಲ್ಲಿರುವ ರಾಜ್ಯ ವಿಧಾನಭವನದ ಅಂಗಳದಲ್ಲಿ ಅವರ ಕಂಚಿನ ಪ್ರತಿಮೆ ಅನಾವರಣಗೊಂಡಿತು. ಆ ಅಂಗಳದಲ್ಲಿ ಮಹಿಳೆಯೊಬ್ಬರ ಪ್ರತಿಮೆ ನಿಂತದ್ದು ಅದೇ ಮೊದಲು. ಆದರೆ ಅವರಿಗೆ ಹೆಚ್ಚು ಸಂತೋಷ ಕೊಡಬಹುದಾಗಿದ್ದ ಸನ್ಮಾನ ಬೇರೆ. ಅಂದು ಆ ಸಭಾಂಗಣದಲ್ಲಿ ಕುಳಿತು ಅತ್ತಿದ್ದ ಪೀಳಿಗೆಯ ವಿದ್ಯಾರ್ಥಿಗಳಲ್ಲಿ ಕೆಲವರು ಮುಂದೆ ತಾವೇ ಶಿಕ್ಷಕರಾದರು.

ನಮ್ಮ ಪಾಲಿಗೆ

ಪ್ರಿಯ ಓದುಗರೇ, ಕ್ರಿಸ್ಟಾ ಮೆಕಾಲಿಫ್ ಅವರನ್ನು ಯಾರೂ ಸಂತರೆಂದು ಘೋಷಿಸಿಲ್ಲ. ಅವರು ಧರ್ಮಕ್ಕಾಗಿ ಪ್ರಾಣ ಕೊಟ್ಟವರೂ ಅಲ್ಲ. ತನಗೆ ದೊರೆತ ಕರೆಯನ್ನು ಪ್ರೀತಿಯಿಂದ ನಡೆಸಿಕೊಂಡು ಹೋದ ಒಬ್ಬ ಸಾಮಾನ್ಯ ವಿಶ್ವಾಸಿ ಅವರು. ಶಿಕ್ಷಕರ ಕೈ ಮುಟ್ಟುವುದು ನಾಳೆಯನ್ನು ಎಂಬುದು ಅವರ ದೃಢವಾದ ನಂಬಿಕೆ. ಬಿತ್ತಿದವನೇ ಕೊಯ್ಯಬೇಕೆಂದಿಲ್ಲ ಎಂದು ನಮ್ಮ ಪ್ರಭು ಯೇಸು ಶಿಷ್ಯರಿಗೆ ಕಲಿಸಿದ ಮಾತಿಗೆ ಈ ಶಿಕ್ಷಕಿಯ ಬದುಕು ಒಂದು ನಿದರ್ಶನ. ಅವರು ಬಿತ್ತಿದ್ದನ್ನು ಬೇರೆಯವರು ಕೊಯ್ದರು.

ಅವರ ಸಾವಿನಿಂದ ಕಲಿಯಬೇಕಾದದ್ದೂ ಇದೆ. ಶಾಲೆಯಿರಲಿ, ಆಸ್ಪತ್ರೆಯಿರಲಿ, ಧರ್ಮಕೇಂದ್ರದ ಪಾಲನಾ ಸಮಿತಿಯಿರಲಿ, ಕಟ್ಟಡ ಸಮಿತಿಯಿರಲಿ, ಎಲ್ಲರೂ ಹೂಂ ಎನ್ನುವಾಗ ಒಬ್ಬರು ಎದ್ದುನಿಂತು ಬೇಡ, ಅಪಾಯವಿದೆ ಎಂದರೆ ನಮಗೆ ಕಿರಿಕಿರಿಯಾಗುತ್ತದೆ. ದಿನ ಗೊತ್ತಾಗಿದೆ, ಆಮಂತ್ರಣ ಹೋಗಿದೆ, ಜನ ಕಾಯುತ್ತಿದ್ದಾರೆ ಎಂದು ಅವರ ಬಾಯಿ ಮುಚ್ಚಿಸುತ್ತೇವೆ. ಚಾಲೆಂಜರ್ ದುರಂತದ ಹಿಂದಿನ ರಾತ್ರಿ ನಡೆದದ್ದು ಅದೇ. ಆ ಒಬ್ಬರ ಮಾತನ್ನು ಕುಳಿತು ಕೇಳುವ ತಾಳ್ಮೆ ಇದ್ದಿದ್ದರೆ ಏಳು ಮನೆಗಳ ದೀಪ ಉಳಿಯುತ್ತಿತ್ತು. ಎಚ್ಚರಿಸುವವರನ್ನು ಗೌರವಿಸುವುದು, ಅವರ ಮಾತು ಮೇಲಿನವರಿಗೆ ತಲುಪುವಂತೆ ನೋಡಿಕೊಳ್ಳುವುದು ಹೊಣೆ ಹೊತ್ತ ಪ್ರತಿಯೊಬ್ಬರ ಕರ್ತವ್ಯ.

ಮುಂದಿನ ಭಾನುವಾರ ನಮ್ಮ ಮಕ್ಕಳಿಗೆ ದೊತೊರ್ನ್ ಕಲಿಸಲು ಬರುವ ಟೀಚರಿಗೆ ಒಂದು ವಂದನೆ ಹೇಳೋಣ. ಚಾಲೆಂಜರ್ ಮತ್ತು ಕೊಲಂಬಿಯಾ ನೌಕೆಗಳಲ್ಲಿ ಅಗಲಿದ ಎಲ್ಲ ಆತ್ಮಗಳಿಗೂ, ಕ್ರಿಸ್ಟಾ ಅವರಿಗೂ ಸ್ವರ್ಗೀಯ ತಂದೆ ನಿತ್ಯ ವಿಶ್ರಾಂತಿಯನ್ನು ದಯಪಾಲಿಸಲಿ.